ಮೈಬೂಬನಿಗೆಂದು ಎತ್ತಿಟ್ಟ ಕೂಸು

ಇಂಡಿ,
ರವಿವಾರ, 28 ಡಿಸೆಂಬರ್ 1958

ಅಖ್ತರಬೇಗಂಗೆ ಶಮಶುದ್ದೀನನ ಸಲಾಂ.

ಸಣ್ಣ ಕೂಸು ಇಂದು ಬೆಳಿಗ್ಗೆ ನೂರಾ ಮೂವತ್ತೆಂಟು ತೊಲೆ ತೂಗಿತು. ಹೋದ ರವಿವಾರಕ್ಕಿಂತ ಹನ್ನೊಂದು ತೊಲೆ ಹೆಚ್ಚು. ತೂಗಿದವರು ಪೋಸ್ಟ್ ಮಾಸ್ತರ ರಾಚಪ್ಪನವರು. ಪಾರ್ಸಲ್ ತೂಗುವ ತಕ್ಕಡಿಯನ್ನು ಅವರೇ ಮನೆಗೆ ಹೊತ್ತು ತರುತ್ತಾರೆ. ಮೊದಲ ಸಲ ತಂದಾಗ, "ಈ ಪಾರ್ಸಲ್ಲಿಗೆ ಎಷ್ಟರ ಸ್ಟಾಂಪ್ ಹಚ್ಚೂಣ್ರಿ ಮಾಸ್ತರ?" ಎಂದು ನಗಿಸಲು ನೋಡಿದ್ದರು. ಈಗ ನಗೆಮಾತಿಲ್ಲದೆ ತೂಗಿ ಹೋಗುತ್ತಾರೆ. ಡಾಕ್ಟರ ಶ್ರೀಶೈಲಪ್ಪನವರು ಮಧ್ಯಾಹ್ನ ಬಂದು ನೋಡಿ, "ಎರಡ ಸೇರ ದಾಟ್ಲಿ, ಆಮ್ಯಾಲ ನಾ ಬರೂದ ಬಿಡ್ತೇನಿ" ಎಂದರು. ಎರಡು ಸೇರಿಗೆ ಇನ್ನೂ ಇಪ್ಪತ್ತೆರಡು ತೊಲೆ ಬೇಕು.

ಸೊಲ್ಲಾಪುರದ ದವಾಖಾನೆಯಿಂದ ನೀನು ಬರೆದ 22ನೆಯ ತಾರೀಖಿನ ಪತ್ರ ಬುಧವಾರವೇ ಬಂತು. ನಾಲ್ಕು ದಿನ ಉತ್ತರ ಬರೆಯದೆ ಕುಳಿತದ್ದಕ್ಕೆ ಕ್ಷಮೆ ಇರಲಿ. ಎರಡು ಸಲ ಬರೆದು ಹರಿದೆ. ಈ ಪತ್ರವನ್ನು ನೀನೇ ಓದು. ಅಕ್ಷರ ನೋಡಿದರೆ ಇನ್ನೂ ಕಣ್ಣು ಮಂಜಾಗುತ್ತದೆ ಎಂದು ಬರೆದಿದ್ದೀ. ಹಾಗಾದರೆ ದಿನಕ್ಕೆ ಒಂದು ಹಾಳೆಯಂತೆ ಓದು. ಆದರೆ ನಿಮ್ಮಣ್ಣ ಮೋದಿನಸಾಬನ ಕೈಯಿಂದ ಓದಿಸಬೇಡ.

ನೀನು ಬರೆದದ್ದು ಇಷ್ಟು: ಈ ಪತ್ರ ಮುಟ್ಟಿದ ದಿನವೇ ನಿಮ್ಮ ಅಕ್ಕ ಸುಲ್ತಾನಬಿಯನ್ನು ತಾಂಬಾಕ್ಕೆ ಕಳಿಸಿರಿ, ನಾನು ಮನೆಗೆ ಬರುವಾಗ ಅವಳು ಅಲ್ಲಿರಬಾರದು, ಉಳಿದ ಕೂಸಿಗೆ ಅವಳ ಹಾಲಿನ ಒಂದು ಹನಿಯೂ ಬೇಡ, ಆಡಿನ ಹಾಲು ಹಾಕಿರಿ. ನಾನು ಅಕ್ಕನನ್ನು ಕಳಿಸಿಲ್ಲ. ಕಳಿಸಿದರೆ ಈ ಕೂಸೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಜ್ವರದಲ್ಲಿ ನಿನ್ನ ಎದೆಯ ಹಾಲು ಬತ್ತಿತು ಎಂದು ನಿಮ್ಮವ್ವ ತಿಳಿಸಿದ್ದಾರೆ. ಊರಲ್ಲಿ ಇನ್ನಾರೂ ಎರಡು ತಾಸಿಗೊಮ್ಮೆ ಬಂದು ಹಾಲು ಕೊಡುವವರು ಸಿಗಲಿಲ್ಲ. ಕೇಳಿ ನೋಡಿಯೇ ಬರೆಯುತ್ತಿದ್ದೇನೆ.

ನಿನಗೆ ಸಿಟ್ಟು ಬಂದಿರುವುದು ಮೋದಿನಸಾಬ ಹೇಳಿದ ಸುದ್ದಿಯಿಂದ. ಅವನಿಗೆ ಹೇಳಿದ್ದು ನಮ್ಮ ಓಣಿಯ ಹೆಂಗಸರು. ಮನೆಯೊಳಗೆ ಇದ್ದವನು ನಾನು. ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ. ಆ ದಿನಗಳಲ್ಲಿ ನಿನಗೆ ಎಚ್ಚರವೇ ಇರಲಿಲ್ಲ.

ಏಳನೆಯ ತಿಂಗಳಲ್ಲಿ ಬಳೆ ಇಡಿಸಿದ ದಿನ ನಿನಗೆ ನೆನಪಿರಬೇಕು. ನಿಮ್ಮವ್ವ ಮುದ್ದೇಬಿಹಾಳದಿಂದ ಹಸಿರು ಬಳೆ ತಂದಿದ್ದರು. ಅಕ್ಕ ಬಗಲಲ್ಲಿ ಮೈಬೂಬನನ್ನು ಎತ್ತಿಕೊಂಡು ತಾಂಬಾದಿಂದ ಬಂದಿದ್ದಳು. ಅವನಿಗೆ ಆಗ ನಾಲ್ಕೂವರೆ ತಿಂಗಳು. ನಿನ್ನ ಬಾಯಿಗೆ ಸಕ್ಕರೆ ಹಾಕಿ ಇಪ್ಪತ್ತು ಹೆಂಗಸರ ಎದುರಿಗೆ, "ಹೆಣ್ಣಾದರ ನಂದು ನೋಡ್ರೆವಾ. ನನ್ನ ಮೈಬೂಬಗ ಈಗಾಗ್ಲೆ ಹೇಳೇನಿ, ಹಲ್ಲ ಬರೂಕಿಂತ ಮೊದಲ ಹೇಣ್ತಿ ಬರ್ತಾಳ ಅಂತ" ಎಂದಳು. ಎಲ್ಲರೂ ನಕ್ಕರು. ನೀನೂ ನಕ್ಕೆ. ಬಾಗಿಲಲ್ಲಿದ್ದ ನನ್ನನ್ನು ಕೂಗಿ, "ಹ್ಞೂಂ ಅನ್ನು ತಮ್ಮಾ" ಎಂದಳು. ನಾನು ಹ್ಞೂಂ ಅಂದೆ.

ಆ ಹ್ಞೂಂ ನನಗೆ ನಗೆಯ ಮಾತಾಗಿರಲಿಲ್ಲ. ನಮ್ಮವ್ವ ತೀರಿದಾಗ ನನಗೆ ಮೂರು ವರ್ಷ, ಅಕ್ಕನಿಗೆ ಹನ್ನೊಂದು. ಅಕ್ಕ ಶಾಲೆ ಬಿಟ್ಟು ನನ್ನನ್ನು ಬೆಳೆಸಿದಳು. ನಾನು ಓದಿ ಮಾಸ್ತರನಾದೆ, ಪೇಪರಿಗೆ ಬಾತ್ಮಿ ಬರೆಯುವವನಾದೆ. ಅವಳಿಗೆ ತನ್ನ ಹೆಸರು ಬರೆಯಲೂ ಬರುವುದಿಲ್ಲ. ಅಪ್ಪ ಹೋದ ವರ್ಷ ತೀರಿಕೊಳ್ಳುವಾಗ ನಮ್ಮಿಬ್ಬರ ಕೈ ಹಿಡಿದು, "ಮಕ್ಕಳನ್ನ ಕೊಟ್ಟು ತಗೊಂಡು ಇರ್ರಿ. ಎರಡ ಮನಿ ಬ್ಯಾರೆ ಮಾಡಬ್ಯಾಡ್ರಿ" ಅಂದಿದ್ದರು. ಅಕ್ಕನಿಗೆ ಕೊಡಲು ನನ್ನ ಹತ್ತಿರ ಇರುವುದು ಇದೊಂದೇ ಎಂದು ನಾನು ತಿಳಿದಿದ್ದೆ.

ಎರಡು ಕೂಸು ಇವೆ ಎಂದು ಆ ದಿನವೇ ಹೇಳಿದವಳು ಸೂಲಗಿತ್ತಿ ಗುಂಡವ್ವ. ನಾನು ನಂಬಲಿಲ್ಲ. ನಿನ್ನ ಕಾಲು ಬಾತಿದ್ದನ್ನು ತೋರಿಸಿ, ಬೆರಳಿನಿಂದ ಒತ್ತಿ, "ಕುಣಿ ಬಿದ್ದದ್ದು ಮ್ಯಾಲ ಏಳವಲ್ದು. ಮಾರಿನೂ ಬಾತೈತಿ. ದವಾಖಾನಿಗೆ ತೋರಿಸ್ರಿ" ಎಂದಳು. ಬಸುರಿಯರ ಕಾಲು ಬಾಯುವುದು ಎಲ್ಲೆಡೆ ಇರುವುದೇ ಎಂದು ನಾನು ಹೇಳಿದೆ. ಯಾರಿಂದ ತಿಳಿದು ಹಾಗೆ ಹೇಳಿದೆನೋ ಇಂದಿಗೂ ಗೊತ್ತಿಲ್ಲ. ಆದರೂ ಬಸ್ಸಿನಲ್ಲಿ ಬಾಗೇವಾಡಿ ದಾಟಿ ಮುದ್ದೇಬಿಹಾಳಕ್ಕೆ ಹೋಗುವುದು ಬೇಡ, ಚೊಚ್ಚಲವಾದರೂ ಇಲ್ಲೇ ಆಗಲಿ ಎಂದು ಗುಂಡವ್ವ ನಿಮ್ಮವ್ವನನ್ನು ಒಪ್ಪಿಸಿದಳು. ಅಷ್ಟಾದರೂ ನಾವು ಕೇಳಿದೆವು.

ನವೆಂಬರ್ 30ರಂದು ನಿನಗೆ ತಲೆನೋವು. ಕಣ್ಣ ಮುಂದೆ ಕಿಡಿ ಹಾರಿದಂತಾಗುತ್ತದೆ ಎಂದು ನೀನು ಹೇಳಿದೆ. ಮಸೂತಿ ಊರಿನಲ್ಲಿ ಹೊಸ ಶಾಲೆಯ ಕಟ್ಟಡ ತೆರೆಯುವ ಕಾರ್ಯಕ್ರಮವಿತ್ತು. ಬಾತ್ಮಿ ಕಳಿಸಬೇಕು, ನಾಳೆ ಬಂದು ಡಾಕ್ಟರರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದು ಹೋದೆ. ಅಲ್ಲಿ ಉಳಿದು ಡಿಸೆಂಬರ್ 2ರ ಸಂಜೆ ಬಂದೆ. ಬಾತ್ಮಿ ಒಂಬತ್ತು ಸಾಲು ಅಚ್ಚಾಯಿತು. ಮೊದಲ ತಪ್ಪು ಇದು. ಇದನ್ನು ನೀನು ಯಾವ ಪತ್ರದಲ್ಲೂ ಎತ್ತಿಲ್ಲ. ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ಬುಧವಾರ 3ರಂದು ಬೆಳಿಗ್ಗೆ ಎಂಟಕ್ಕೆ ಮೊದಲನೆಯ ಹೆಣ್ಣು ಹುಟ್ಟಿತು. ಇಪ್ಪತ್ತು ಮಿನಿಟಿನ ಮೇಲೆ ಎರಡನೆಯ ಹೆಣ್ಣು, ಕಾಲು ಮುಂದಾಗಿ. ಎಂಟು ತಿಂಗಳು ತುಂಬಿರಲಿಲ್ಲ. ಗುಂಡವ್ವ ಹೊರಗೆ ಬಂದು, "ಪೇಪರದಾಗ ಹಾಕ್ರಿ ಮಾಸ್ತರ. ಗುಂಡವ್ವ ಎರಡ ಅಂದ್ಲು, ಗಂಡಸು ನಂಬಲಿಲ್ಲ ಅಂತ" ಎಂದು ನನ್ನನ್ನು ಚುಚ್ಚಿದಳು. ಹತ್ತು ಗಂಟೆಗೆ ನಿನಗೆ ಕೈಕಾಲು ಸೆಟೆದು ಫಿಟ್ಸ್ ಬಂದವು. ಡಾಕ್ಟರು ಓಡಿ ಬಂದು ಸೂಜಿ ಹಾಕಿ, ತಕ್ಷಣ ಸೊಲ್ಲಾಪುರಕ್ಕೆ ಒಯ್ಯಬೇಕು ಎಂದರು. ಕೂಸುಗಳನ್ನು ಕಳಿಸಬಹುದೇ ಎಂದು ಕೇಳಿದೆ. "ಈ ಥಂಡಿಯಾಗ ಸ್ಟೇಶನ್ ಮುಟ್ಟೂದ್ರಾಗ ಎರಡೂ ಆರಿ ಹೋಗ್ತಾವ" ಎಂದರು. ಬಸಂತರಾಯರು ತಮ್ಮ ಹತ್ತಿ ಲಾರಿ ಕೊಟ್ಟರು. ಇಂಡಿ ರೋಡ್ ಸ್ಟೇಶನ್ನಿನಲ್ಲಿ ನಿನ್ನನ್ನು ರೈಲುಗಾಡಿಯೊಳಗೆ ಮಲಗಿಸಿ, ನಿಮ್ಮವ್ವನನ್ನೂ ಮೋದಿನಸಾಬನನ್ನೂ ಜೊತೆಗೆ ಹತ್ತಿಸಿ ನಾನು ಮನೆಗೆ ತಿರುಗಿ ಬಂದೆ. ನೀನು ಕಣ್ಣು ತೆರೆದಾಗ ನಾನು ಅಲ್ಲಿರಲಿಲ್ಲ. ಅದಕ್ಕೂ ಕ್ಷಮೆ ಇರಲಿ.

ದೊಡ್ಡದು ನೂರಾ ಐವತ್ತು ತೊಲೆ, ಸಣ್ಣದು ನೂರಾ ಹದಿನೈದು. ಗುಂಡವ್ವ ಎರಡನ್ನೂ ಹಿಂಜಿದ ಹತ್ತಿಯಲ್ಲಿ ಸುತ್ತಿ, ಸುತ್ತಲೂ ಬಿಸಿನೀರಿನ ಬಾಟಲಿ ಇಟ್ಟು, ಒಂದೇ ಬುಟ್ಟಿಯಲ್ಲಿ ಮಲಗಿಸಿದಳು. ದೊಡ್ಡದು ಅಳುತ್ತಿತ್ತು, ದನಿ ಬಾಗಿಲ ತನಕ ಕೇಳುತ್ತಿತ್ತು. ಸಣ್ಣದು ಬಾಯಿ ತೆರೆಯುತ್ತಿತ್ತು, ದನಿ ಬರುತ್ತಿರಲಿಲ್ಲ. ಎರಡು ದಿನ ಸಕ್ಕರೆ ನೀರಿನಲ್ಲಿ ಕಳೆದೆವು. ಶುಕ್ರವಾರ ಬೆಳಿಗ್ಗೆ ಡಾಕ್ಟರು ನೋಡಿ ಹೇಳಿದ ಮಾತು ಹೀಗಿತ್ತು: "ಸಣ್ಣದಕ್ಕ ಹೆಣ್ಣಮಗಳ ಹಾಲ ಬೇಕ ಬೇಕು. ದೊಡ್ಡದಕ್ಕೂ ಸಿಕ್ಕರ ಚಲೋ." ಹೇಳಿ ಅವರು ಸಿಡುಬಿನ ಚುಚ್ಚುಮದ್ದಿಗೆಂದು ಚಡಚಣದ ಕಡೆ ಹೋದರು. ಅವರು ತಿರುಗಿ ಬಂದದ್ದು ಮುಂದಿನ ಬುಧವಾರ.

ಮಧ್ಯಾಹ್ನ ಅಕ್ಕ ಬಂದಳು. ಹೇಳಿ ಕಳಿಸಿದ ಕೂಡಲೇ ಬಂದಿದ್ದಳು, ಒಲೆಯ ಮೇಲಿನ ಸಾರನ್ನು ಹಾಗೇ ಬಿಟ್ಟು. ಕಾಲು ತೊಳೆಯುವ ಮೊದಲೇ ಬುಟ್ಟಿಯ ಹತ್ತಿರ ಕುಳಿತು, "ಯಾವುದು ಮೊದಲ ಕೊಡ್ತಿ ಕೊಡ" ಎಂದು ಗುಂಡವ್ವನ ಮುಂದೆ ಕೈ ಚಾಚಿದಳು.

ಆಗ ನಾನು, "ತಡಿ ಅಕ್ಕಾ" ಅಂದೆ.

ಅಖ್ತರ್, ಓಣಿಯ ಜನ ಏನೇ ಹೇಳಲಿ, ಆ ಮಾತು ಅಂದವನು ನಾನು.

ಗುಂಡವ್ವನಿಗೆ ನನ್ನ ತಡೆ ತಿಳಿಯಲಿಲ್ಲ. ಒಂದೇ ತಾಯಿಯ ಎದೆಹಾಲು ಕುಡಿದವರು ನಮ್ಮಲ್ಲಿ ಅಣ್ಣ ತಂಗಿ ಆಗುತ್ತಾರೆ, ಅವರಿಗೆ ನಿಕಾ ನಡೆಯುವುದಿಲ್ಲ, ಅಕ್ಕ ಹಾಲು ಕೊಟ್ಟರೆ ಆ ಕೂಸನ್ನು ಮೈಬೂಬನಿಗೆ ತರಲು ಬರುವುದಿಲ್ಲ ಎಂದು ಹೇಳಿದೆ. ಅವಳು ನನ್ನ ಮುಖ ನೋಡಿದಳು. "ಇದೆಂಥಾ ಕಾಯ್ದೆರೀ ಮಾಸ್ತರ? ನಾವು ದಿನಾ ಎಮ್ಮಿ ಹಾಲ ಕುಡೀತೇವಿ, ಎಮ್ಮಿಕರಾ ಬಂದು ಅಕ್ಕಾ ಅಂತೈತೇನು?"

ಅಕ್ಕ ಅವಳನ್ನು ಗದರಿಸಿದಳು. ಆಮೇಲೆ ನನಗೆ, "ಮದವಿ ಇಪ್ಪತ್ತ ವರ್ಷದ ಮಾತು ತಮ್ಮಾ. ಇದು ಇವತ್ತಿನ ಹಸಿವಿ. ಮೈಬೂಬಗ ಲೋಕದಾಗ ಹೆಣ್ಣ ಸಿಗೂದಿಲ್ಲೇನು? ಎರಡನ್ನೂ ಕೊಡು" ಎಂದಳು.

"ಎರಡ ಅದಾವಲ್ಲ ಅಕ್ಕಾ," ಅಂದೆ ನಾನು. "ಸಣ್ಣದಕ್ಕ ನೀ ಕೊಡು. ದೊಡ್ಡದು ಗಟ್ಟಿ ಐತಿ, ಆಡಿನ ಹಾಲ ತಡಕೋತೈತಿ. ಡಾಕ್ಟರೂ ಸಿಕ್ಕರ ಅಂದ್ರು, ಬೇಕ ಬೇಕು ಅನ್ನಲಿಲ್ಲ. ಅದನ್ನ ಮೈಬೂಬಗ ಎತ್ತಿ ಇಡೂಣು. ಅಪ್ಪನ ಮಾತೂ ಉಳೀತೈತಿ."

ಅಕ್ಕ ಚಾಚಿದ ಕೈ ಹಿಂದೆ ತೆಗೆದು, "ಮಗಳ ನಿಂದು. ಮನಿ ಯಜಮಾನ ನೀನು" ಅಂದಳು. ಅಲ್ಲಿಗೆ ಮಾತು ಮುಗಿಯಿತು. ನನಗೆ ಆಗ ಸಮಾಧಾನವೇ ಆಯಿತು. ದೇವರು ಎರಡು ಕೊಟ್ಟಿದ್ದಾನೆ, ಒಂದು ಜೀವಕ್ಕೂ ಕೊರತೆಯಿಲ್ಲ, ಕೊಟ್ಟ ಮಾತಿಗೂ ಕೊರತೆಯಿಲ್ಲ ಎಂದು ಲೆಕ್ಕ ಹಾಕಿದೆ. ಒಳ್ಳೆಯ ದಾರಿ ಕಂಡೆ ಎಂದೇ ಅನ್ನಿಸಿತ್ತು.

ಅಕ್ಕ ಹಾಲನ್ನು ಬಟ್ಟಲಿಗೆ ಹಿಂಡಿ, ಹತ್ತಿಯ ಬತ್ತಿಯಲ್ಲಿ ಅದ್ದಿ ಸಣ್ಣದರ ಬಾಯಿಗೆ ಹನಿ ಹನಿಯಾಗಿ ಬಿಟ್ಟಳು. ಎರಡು ತಾಸಿಗೊಮ್ಮೆ, ಹಗಲೂ ರಾತ್ರಿ. ದೊಡ್ಡದಕ್ಕೆ ಗುಂಡವ್ವ ಆಡಿನ ಹಾಲಿಗೆ ಕುದಿಸಿದ ನೀರು ಬೆರೆಸಿ ಹಾಕಿದಳು. ಮೊದಲ ದಿನವೇ ಅರ್ಧ ಕಕ್ಕಿತು. ನಾನು ಶನಿವಾರ ಬೆಳಿಗ್ಗೆ ಸಿಂದಗಿಯ ಖಾಜಿ ಸಾಹೇಬರಿಗೆ ಜವಾಬಿ ಕಾರ್ಡು ಬರೆದೆ. ಎದೆಗೆ ಹಚ್ಚದೆ, ಬಟ್ಟಲಿಗೆ ಹಿಂಡಿ ಬತ್ತಿಯಿಂದ ಕುಡಿಸಿದರೂ ಹಾಲಿನ ಸಂಬಂಧ ಆಗುತ್ತದೆಯೇ ಎಂಬ ಪ್ರಶ್ನೆ. ಆಗುವುದಿಲ್ಲ ಎಂದು ಉತ್ತರ ಬಂದರೆ ದೊಡ್ಡದಕ್ಕೂ ಕೊಡಿಸಬಹುದು ಎಂದು ನನ್ನ ಯೋಚನೆ. ಕಾರ್ಡನ್ನು ನಾನೇ ಪೋಸ್ಟಿಗೆ ಒಯ್ದು, ಆ ದಿನದ ಟಪಾಲಿನಲ್ಲೇ ಹೋಗುವುದನ್ನು ನೋಡಿ ಬಂದೆ. ಬಂದು ಅಕ್ಕನಿಗೆ, "ಜವಾಬು ಬರೂತನಕ ಮುಟ್ಟಬ್ಯಾಡ" ಎಂದು ಮತ್ತೊಮ್ಮೆ ಹೇಳಿದೆ. ಶಾಲೆಗೆ ರಜೆ ಬರೆದು ಬುಟ್ಟಿಯ ಹತ್ತಿರವೇ ಕುಳಿತೆ. ಆಮೇಲೆ ಮನೆ ಬಿಟ್ಟು ಹೊರಗೆ ಹೋಗಲಿಲ್ಲ.

ಸೋಮವಾರ ದೊಡ್ಡದರ ಮಲ ಹಸಿರಾಯಿತು. ಮಂಗಳವಾರ ಅಳುವುದು ನಿಂತಿತು. ನಾನು ಅದನ್ನು ಕೂಸು ಶಾಂತವಾಯಿತು ಎಂದು ತಿಳಿದೆ. ಗುಂಡವ್ವ, "ಶಾಂತ ಅಲ್ರಿ ಇದು, ಸೋತಿದ್ದು" ಎಂದಳು. ದಿನವೂ ತೂಗುತ್ತಿದ್ದೆವು. ದಿನವೂ ನನ್ನ ವಹಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಬುಧವಾರ ನೂರಾ ಇಪ್ಪತ್ತೊಂಬತ್ತಕ್ಕೆ ಇಳಿದಿತ್ತು. ಅಕ್ಕ ನನ್ನ ಹತ್ತಿರ ಬಂದು, "ಇನ್ನೂ ಜವಾಬ ಬರವಲ್ದೇನು?" ಎಂದು ಒಂದೇ ಮಾತು ಕೇಳಿದಳು. ಮೂರು ಸಲ ಕೇಳಿದಳು ಆ ದಿನ.

ಬುಧವಾರ ಮಧ್ಯಾಹ್ನ ಡಾಕ್ಟರು ಚಡಚಣದಿಂದ ಬಂದವರು ನೇರವಾಗಿ ನಮ್ಮ ಮನೆಗೆ ಬಂದರು. ದೊಡ್ಡದನ್ನು ನೋಡಿ, "ಇದಕ್ಕ ಏನ ಹಾಕಿದ್ರಿ?" ಎಂದರು. ಹೇಳಿದೆ. "ಮನ್ಯಾಗ ಹಾಲಿನ ತಾಯಿ ಕುಂತಾಳ, ಆಡ ಯಾಕ ಹಿಂಡಿದ್ರಿ?" ಎಂದು ಕೇಳಿದರು. ಕಾರಣ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಅಕ್ಕನ ಕಡೆ ತಿರುಗಿ, "ತಗೋರೆವ್ವಾ ಲಗೂನ" ಎಂದರು. ಅಕ್ಕ ನನ್ನ ಮುಖ ನೋಡಿದಳು. ನಾನು, "ಕೊಡು" ಎಂದೆ.

ಕೂಸಿಗೆ ನುಂಗಲು ಬರಲಿಲ್ಲ. ಬತ್ತಿಯಿಂದ ಬಿಟ್ಟ ಹಾಲು ಬಾಯಿಯ ಮೂಲೆಯಿಂದ ಹೊರಗೆ ಬಂತು. ಅಕ್ಕ ಒರೆಸಿ ಒರೆಸಿ ಮತ್ತೆ ಬಿಟ್ಟಳು. ಗುರುವಾರ 11ರ ಬೆಳಿಗ್ಗೆ ಏಳಕ್ಕೆ ಹೋಯಿತು. ಹುಟ್ಟಿದ ದಿನವೇ ಕಿವಿಯಲ್ಲಿ ಅಜಾನ್ ಹೇಳಿದ್ದೆ, ಹೆಸರು ಮಾತ್ರ ನಿನಗೆಂದು ಬಿಟ್ಟಿದ್ದೆ. ಮಣ್ಣು ಕೊಡುವ ಮೊದಲು ಹೆಸರು ಬೇಕಾಯಿತು. ಜನ್ನತಬಿ ಎಂದು ಇಟ್ಟೆ, ನಿನ್ನ ಅಜ್ಜಿಯ ಹೆಸರು. ಮಧ್ಯಾಹ್ನದ ಜೊಹರ್ ನಮಾಜಿನ ನಂತರ ಅಪ್ಪನ ಪಕ್ಕದಲ್ಲಿ ಮಣ್ಣು ಕೊಟ್ಟೆವು.

ಮರುದಿನ ಶುಕ್ರವಾರ ಖಾಜಿ ಸಾಹೇಬರ ಜವಾಬು ಬಂತು. ಹೇಗೆ ಕುಡಿಸಿದರೂ ಹಾಲು ಹಾಲೇ, ಸಂಬಂಧ ಆಗಿಯೇ ಆಗುತ್ತದೆ ಎಂದು ಮೊದಲ ಸಾಲು. ಎರಡನೆಯ ಸಾಲು: ಜೀವದ ಪ್ರಶ್ನೆ ಇರುವಾಗ ನನ್ನನ್ನು ಕೇಳುತ್ತ ಕೂಡಬೇಡ, ಇಬ್ಬರಿಗೂ ಕುಡಿಸು, ಲಗ್ನ ಅಲ್ಲಾಹನಿಗೆ ಬಿಡು. ಟಪಾಲಿನವನು ಅದನ್ನು ಕೊಟ್ಟು ಹೋದ ಅರ್ಧ ತಾಸಿನಲ್ಲೇ ಮೋದಿನಸಾಬ ಬಂದ. ಬರುವ ದಾರಿಯಲ್ಲೇ ಅವನಿಗೆ ಸುದ್ದಿ ಸಿಕ್ಕಿತ್ತು. ಸುಲ್ತಾನಬಿ ಒಂದನ್ನು ತನ್ನ ಮಗನಿಗೆಂದು ಎತ್ತಿಟ್ಟು ಹಾಲು ಕೊಡಲಿಲ್ಲವಂತೆ ಎಂದು.

ಅವನು ಅಂಗಳದಲ್ಲೇ ನಿಂತು ಕೂಗಿದ. "ಸೊಸಿ ಮಾಡ್ಕೋಬೇಕಂತ ಎದಿ ಮುಚಗೊಂಡ ಕುಂತಿ, ಹೌದಿಲ್ಲೋ? ಈಗ ಹೋಗು, ಗೋರಿ ಮುಂದ ನಿಂತು ನಿಕಾ ಓದಿಸು!" ಓಣಿಯ ಜನ ಗೋಡೆಯಾಚೆ ನಿಂತಿದ್ದರು. ಅಕ್ಕ ಸಣ್ಣದರ ಬಾಯಿಗೆ ಬತ್ತಿ ಹಿಡಿದಿದ್ದಳು. ತಲೆ ಎತ್ತದೆ, "ಸಾವಕಾಶ ಮಾತಾಡೋ ತಮ್ಮಾ, ಕೂಸ ಬೆಚ್ಚತೈತಿ" ಎಂದಳು. ಅಷ್ಟೇ.

ನಾನು ಬಾಗಿಲಲ್ಲಿ ಖಾಜಿಯವರ ಕಾರ್ಡು ಹಿಡಿದು ನಿಂತಿದ್ದೆ. ಹೀಗೆ ಮಾಡು ಎಂದವನು ನಾನು ಎಂದು ಹೇಳಲು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಅವನು ನೀರೂ ಕುಡಿಯದೆ ಸೊಲ್ಲಾಪುರಕ್ಕೆ ತಿರುಗಿ ಹೋದ. ಅವನು ನಿನಗೆ ಏನು ಹೇಳಿದನೋ ಅದು ನನ್ನ ಮೌನದಿಂದ ಹೇಳಿದ್ದು. ಹದಿನಾರು ದಿನಗಳಿಂದ ಅಕ್ಕ ಬಾವಿಗೆ ಹೋದರೆ ಹೆಂಗಸರು ಹಗ್ಗ ಎಳೆಯುವುದನ್ನು ನಿಲ್ಲಿಸುತ್ತಾರೆ ಎಂದು ಗುಂಡವ್ವ ಹೇಳುತ್ತಾಳೆ. ಈಗ ಗುಂಡವ್ವನೇ ನೀರು ತರುತ್ತಾಳೆ.

ನಿನ್ನ ಪತ್ರವನ್ನು ಬುಧವಾರ ಅಕ್ಕನಿಗೆ ಓದಿದೆ. ಪೂರ್ತಿ ಓದು ಎಂದು ಅವಳೇ ಹಟ ಹಿಡಿದಳು. ಕೇಳಿ, "ಹಡದಾಕಿ ಅಂದಾಳ, ಅನ್ನಲಿ. ನಾ ಇದ್ದರ ಆಕಿಗೆ ಸಂಕಟ, ಹೋದರ ಕೂಸಿಗೆ. ಆಕಿ ಬರೂತನ ಇರ್ತೇನಿ. ಆಮ್ಯಾಲ ಆಕಿ ಹೇಳಿದಂಗ" ಎಂದಳು. ನಿಜ ಬರೆಯುತ್ತೇನೆ ಎಂದಾಗ ಬೇಡವೆಂದಳು. "ನನ್ನ ಹೆಸರ ಇರಲಿ ಬಿಡು. ನಾ ತಾಂಬಾಕ್ಕ ಹೋಗಾಕಿ. ನೀ ಆಕಿ ಜೋಡಿ ಬಾಳ್ವೆ ಮಾಡಾಂವ." ಆ ಮಾತಿಗೆ ನಾನು ಇನ್ನೂ ಮೂರು ದಿನ ಸುಮ್ಮನಿದ್ದೆ. ಉತ್ತರ ತಡವಾದದ್ದು ಇದರಿಂದಲೇ. ಬರೆಯಲು ಹೊತ್ತಿಲ್ಲದೆ ಅಲ್ಲ.

ಅಖ್ತರ್, ನೀನು ನನ್ನೊಂದಿಗೆ ಮಾತು ಬಿಡು, ಮುದ್ದೇಬಿಹಾಳಕ್ಕೆ ಹೋಗು, ನಾನು ಅಡ್ಡ ಬರುವುದಿಲ್ಲ. ಅಕ್ಕನನ್ನು ಮಾತ್ರ ಈಗ ಕಳಿಸಬೇಡ ಎಂದು ಬೇಡುತ್ತೇನೆ. ಸಣ್ಣದು ಅವಳ ಹಾಲಿನ ಮೇಲೆಯೇ ನಿಂತಿದೆ. ಶುಕ್ರವಾರದಿಂದ ಬತ್ತಿ ಬಿಟ್ಟು ಎದೆಗೇ ಬಾಯಿ ಹಾಕುತ್ತಿದೆ. ಮೈಬೂಬನನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡರೆ ಅವನು ಕೈ ಚಾಚಿ ಇವಳ ಕುಲಾವಿ ಎಳೆಯುತ್ತಾನೆ. "ತಂಗೀನೋ ಅಕಿ, ಬಿಡೋ ಭಾಡ್ಯಾ" ಎಂದು ಅಕ್ಕ ಅವನ ಕೈ ಬಿಡಿಸುತ್ತಾಳೆ. ಇದಕ್ಕೆ ಹೆಸರು ಇಟ್ಟಿಲ್ಲ. ಅದು ನಿನ್ನ ಕೆಲಸ.

ನಿಮ್ಮವ್ವನಿಗೆ ನನ್ನ ಸಲಾಂ. ಹಾಲು, ಬ್ರೆಡ್ಡು ಬಿಟ್ಟು ಬೇರೆ ತಿನ್ನಬೇಡ ಎಂದು ದವಾಖಾನೆಯವರು ಹೇಳಿದ್ದನ್ನು ಪಾಲಿಸು. ಉಪ್ಪು ಬೇಡ. ಅಲ್ಲಾಹ್ ನಿನ್ನನ್ನು ಪೂರ್ತಿ ಗುಣ ಮಾಡಲಿ, ಕಣ್ಣಿನ ಮಂಜು ತೆಗೆಯಲಿ, ನಿನ್ನ ಮಡಿಲಲ್ಲಿ ಉಳಿದದ್ದನ್ನು ನೂರು ವರ್ಷ ಉಳಿಸಲಿ.

ನಿನ್ನ
ಶಮಶುದ್ದೀನ

ತಾ. ಕ. — ಲಕೋಟೆಗೆ ಅಂಟು ಹಚ್ಚುವ ಮೊದಲು ಈ ಪತ್ರವನ್ನು ಅಕ್ಕನಿಗೆ ಓದಿ ತೋರಿಸಿದೆ. ಅವಳ ಮೇಲಿನ ಸುಳ್ಳನ್ನು ತೆಗೆದಿದ್ದೇನೆ ಎಂದು ಅವಳಿಗೆ ತಿಳಿಯಲಿ ಎಂದು. ಅವಳು ಕೇಳಿ ಬಹಳ ಹೊತ್ತು ಕೂಸಿನ ಕಾಲು ನೀವುತ್ತ ಕುಳಿತಳು. ಆಮೇಲೆ, "ಇಷ್ಟ ಬರದಿ ಅಂದ್ರ ಇನ್ನೊಂದೂ ಬರಿ" ಎಂದಳು. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

ಶನಿವಾರ 6ರಂದು ನಾನು ಪೋಸ್ಟಿನಲ್ಲಿದ್ದಾಗ ದೊಡ್ಡದು ಅತ್ತಿತು. ಗುಂಡವ್ವ ಹಿತ್ತಲಲ್ಲಿದ್ದಳು. ಅಕ್ಕನಿಗೆ ತಡೆಯಲಾಗಲಿಲ್ಲ. ಎತ್ತಿ ಎದೆಗೆ ಹಚ್ಚಿದಳು. ಕೂಸು ಬಾಯಿ ಹಾಕಿ ಕುಡಿಯಿತು. "ಗುಟುಕು ಎಣಿಸೇನಿ ತಮ್ಮಾ. ಎಂಟ." ಕುಡಿದು ಮಲಗಿತು, ಕಕ್ಕಲಿಲ್ಲ. ನಾನು ಬಂದು ಮುಟ್ಟಬೇಡ ಎಂದಾಗ ಅವಳಿಗೆ ಹೇಳಲು ಧೈರ್ಯವಾಗಲಿಲ್ಲ. "ನನ್ನ ಸಲುವಾಗಿ ನೀ ಅಷ್ಟ ಆಸೆ ಇಟಗೊಂಡ ಕುಂತಿದ್ದಿ. ನಾಳೆ ಹೇಳೂಣು ಅಂದೆ. ನಾಳೆನೂ ನೀ ಅಲ್ಲೇ ಕುಂತಿದ್ದಿ." ಆಮೇಲೆ ಕೂಸು ಕೆಡತೊಡಗಿತು, ಹೇಳಿದರೆ ತನ್ನ ಹಾಲಿನಿಂದಲೇ ಕೆಟ್ಟಿತು ಎಂದು ನಾನು ಅಂದೇನು ಎಂಬ ಹೆದರಿಕೆ ಅವಳಿಗೆ.

ವಹಿ ತೆಗೆದು ನೋಡಿದೆ. ದೊಡ್ಡದರ ತೂಕ ದಿನವೂ ಇಳಿದಿದೆ, 7ನೆಯ ತಾರೀಖು ಒಂದು ದಿನ ಬಿಟ್ಟು.

ಒಂದು ಗುಟುಕಾದರೂ ಸಂಬಂಧ ಸಂಬಂಧವೇ. ಆ ಶನಿವಾರ ಬೆಳಿಗ್ಗೆಯಿಂದಲೇ ದೊಡ್ಡದು ಮೈಬೂಬನಿಗೆ ತಂಗಿಯಾಗಿತ್ತು. ಆಮೇಲೆ ಬುಧವಾರದ ತನಕ ನಾನು ಬುಟ್ಟಿಯ ಹತ್ತಿರ ಕುಳಿತು ಕಾಯ್ದ ಲಗ್ನ ಇರಲೇ ಇಲ್ಲ. ನಾಲ್ಕು ದಿನ ನಾನು ನಿನ್ನ ಮಗಳಿಗೆ ಹಾಲು ತಪ್ಪಿಸಿದ್ದು ಏತಕ್ಕೂ ಅಲ್ಲ. ಅಕ್ಕ ಹೇಳಲು ಹೆದರಿದ್ದು ನನಗೆ. ಅವಳಿಗೆ ಹೆದರಿಕೆ ಹುಟ್ಟಿಸಿದವನು ನಾನು. ಇದನ್ನು ನೀನು ಯಾರಿಂದಲೋ ಕೇಳುವುದು ಬೇಡ.

ಗುರುವಾರ ಜನವರಿ 1ರಂದು ಬೆಳಿಗ್ಗೆ ಹತ್ತಕ್ಕೆ ನಿನ್ನನ್ನು ಬಿಡುತ್ತೇವೆ ಎಂದು ದವಾಖಾನೆಯಿಂದ ಕಾರ್ಡು ಬಂದಿದೆ. ನಾನು ಬುಧವಾರ ಮಧ್ಯಾಹ್ನದ ಗಾಡಿಗೆ ಹೊರಡುತ್ತೇನೆ. ಕೂಸೂ ಅಕ್ಕನೂ ಮನೆಯಲ್ಲೇ ಇರುತ್ತಾರೆ.